ಲೋಟಕ್ಕೆ ಸುತ್ತಿದ ಟೇಪು

ಟಿಣ್.

ಮನೆಯವರೆಲ್ಲ ಮಲಗಿದ ಮೇಲೆ ದಿನವೂ ಕೇಳಿಸುವ ಸದ್ದು. ಪವಿತ್ರ ಹೊದಿಕೆಯೊಳಗಿಂದ ಒಂದೇ ಕಣ್ಣು ತೆರೆದಳು.

ಕಿಟಕಿಯ ಬಳಿ ಮೇಘನಾ ನಿಂತಿದ್ದಳು. ಜಡೆಗೆ ಕಟ್ಟುವ ಎರಡು ಕೆಂಪು ಟೇಪುಗಳನ್ನು ನೀರಲ್ಲಿ ಅದ್ದಿ, ಸ್ಟೀಲ್ ಲೋಟಕ್ಕೆ ಸುಕ್ಕಿಲ್ಲದಂತೆ ಸುತ್ತಿ, ಲೋಟವನ್ನು ಬೋರಲು ಹಾಕಿದ್ದಳು. ಬೆಳಿಗ್ಗೆಯ ಹೊತ್ತಿಗೆ ಟೇಪು ಒಣಗಿ, ಇಸ್ತ್ರಿ ಮಾಡಿದ ಹಾಗೆ ಇರುತ್ತಿತ್ತು.

ದೊಡ್ಡ ಜಾಣೆ, ಎಂದುಕೊಂಡು ಪವಿತ್ರ ಮಗ್ಗುಲು ಬದಲಿಸಿದಳು.

ಮೇಘನಾ ಅವಳ ಸೋದರಮಾವನ ಮಗಳು. ಮೂಗೂರಿನವಳು. ಅಪ್ಪ ಅಮ್ಮ ಕೊಡಗಿಗೆ ತೋಟದ ಕೆಲಸಕ್ಕೆ ಹೋಗಿದ್ದರಿಂದ ಮೊದಲು ತಗಡೂರಿನ ಚಿಕ್ಕಮ್ಮನ ಮನೆಯಲ್ಲಿದ್ದು, ಈ ಜೂನ್‌ನಲ್ಲಿ ನಂಜನಗೂಡಿಗೆ ಬಂದಿದ್ದಳು. ಪವಿತ್ರಳ ಸ್ಕೂಲೇ, ಪವಿತ್ರಳ ಐದನೇ ಕ್ಲಾಸೇ. ಬಂದಾಗಿನಿಂದ ಅಮ್ಮನ ಬಾಯಲ್ಲಿ ಅವಳದೇ ಹೆಸರು. ಮೇಘನಾ ರಾತ್ರಿಯೇ ಬುಕ್ಕು ಜೋಡಿಸಿಕೊಳ್ಳುತ್ತಾಳೆ. ಮೇಘನಾ ಪೆನ್ಸಿಲ್ ಚೂಪು ಮಾಡಿಟ್ಟುಕೊಂಡೇ ಮಲಗುತ್ತಾಳೆ. ಪಕ್ಕದ ಮನೆಯ ಗೋವಿಂದಮ್ಮನಿಗೂ ಇದು ಬಾಯಿಪಾಠವಾಗಿತ್ತು.

ಪವಿತ್ರಳಿಗೆ ಒಂದು ಸಾಕ್ಸ್ ಸಿಕ್ಕಿದರೆ ಇನ್ನೊಂದು ಸಿಗುತ್ತಿರಲಿಲ್ಲ. ಕೋಣೆಯ ಗೋಡೆಯಲ್ಲಿದ್ದ ಮೂರು ಗೂಡುಗಳೂ ಅವಳವೇ. ಮೂರರಿಂದಲೂ ಸಾಮಾನು ಹೊರಗೆ ಇಣುಕುತ್ತಿತ್ತು.

ಅಮ್ಮನ ಹೊಗಳಿಕೆಯನ್ನಾದರೂ ಸಹಿಸಬಹುದಿತ್ತು. ಆದರೆ ಶನಿವಾರದ ಪ್ರೇಯರ್‌ಗೆ ಮುಂದೆ ನಿಂತು ಹಾಡಲು ಮಿಸ್ ಮೇಘನಾಳನ್ನೇ ಆರಿಸಿದ್ದರು. ನೀಟಾಗಿ ಬರುತ್ತಾಳಂತೆ. ಮೂರನೇ ಕ್ಲಾಸಿನಿಂದ ಆ ಜಾಗಕ್ಕೆ ಆಸೆಪಟ್ಟವಳು ಪವಿತ್ರ. ಚೆನ್ನಾಗಿ ಹಾಡುವವಳೂ ಅವಳೇ. ಜಡೆಗೆ ಟೇಪಿಲ್ಲದೆ ಬಂದವರನ್ನು ಮಾತ್ರ ಮಿಸ್ ಮುಂದೆ ನಿಲ್ಲಿಸುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಮೇಘನಾ ಸ್ನಾನಕ್ಕೆ ಹೋದಾಗ ಪವಿತ್ರ ಲೋಟದಿಂದ ಟೇಪು ಎಳೆದು ಗೂಡಿನೊಳಗೆ ತುರುಕಿದಳು.

ಮೇಘನಾ ಬಂದು ಬರಿಯ ಲೋಟ ನೋಡಿದಳು. ಚಾಪೆ ಎತ್ತಿ ನೋಡಿದಳು. ಆಮೇಲೆ ಬಾಗಿಲ ಪಕ್ಕದಲ್ಲಿದ್ದ ತನ್ನ ವೈರ್ ಬ್ಯಾಗಿನಿಂದ ಒಂದೊಂದೇ ತೆಗೆದಿಟ್ಟಳು. ಎರಡು ಫ್ರಾಕು, ಸ್ವೆಟರು, ಬಾಚಣಿಗೆ, ಎಣ್ಣೆ ಶೀಶೆ. ಅವಳ ಸಾಮಾನೆಲ್ಲ ಅಷ್ಟೇ.

ಅಮ್ಮ ಅಡುಗೆಮನೆಯಿಂದ ಇಣುಕಿ, "ಏನಮ್ಮಾ, ನೀನೂ ನಮ್ ಪವಿತ್ರನಂಗೇ ಆಗ್ಬುಟ್ಯಾ?" ಎಂದು ನಕ್ಕಳು.

ಪವಿತ್ರಳಿಗೆ ಖುಷಿಯಾಗಬೇಕಿತ್ತು. ಆದರೆ ಮೇಘನಾಳ ಮುಖ ಬಿಳಿಚಿಕೊಂಡಿತು.

"ಇಲ್ಲೇ ಮಡಗಿದ್ದೆ ಅತ್ತೆ. ಇನ್ಮೇಲೆ ಉಷಾರಾಗಿರ್ತೀನಿ. ತಗಡೂರ್ಗೆ ವಾಪಸ್ ಕಳಿಸ್ಬೇಡಿ."

ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. "ಯಾಕ್ ಕಳಿಸ್ತೀವಿ?"

"ಅಲ್ಲಿ ಚಿಕ್ಕಮ್ಮ ಬೈತಿದ್ರು. ಎಲ್ ನೋಡಿದ್ರೂ ನಿಂದೇ ಸಾಮಾನು, ಜಾಗ ಇಲ್ಲ ಅಂತ. ಅದ್ಕೇ ಎಲ್ಲಾ ಬ್ಯಾಗಲ್ಲೇ ಇಟ್ಕೋತೀನಿ."

ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡು, ಟೇಪು ಕಳೆದರೆ ಯಾರಾದರೂ ಮಕ್ಕಳನ್ನು ಕಳಿಸುತ್ತಾರೆಯೇ ಎಂದು ತಲೆ ಸವರಿದಳು.

ಪವಿತ್ರ ಗೂಡಿನ ಕಡೆ ಓಡಿದಳು. ಯಾವ ಗೂಡು? ಅವಸರದಲ್ಲಿ ನೋಡಿಯೇ ಇರಲಿಲ್ಲ. ಕೈ ಹಾಕಿದಲ್ಲೆಲ್ಲ ಹೋದ ವರ್ಷದ ನೋಟ್ಸು, ಒಣಗಿದ ಸ್ಕೆಚ್ ಪೆನ್ನು, ಗಾಳಿಪಟದ ದಾರ. ಕೆದಕಿದಷ್ಟೂ ಇನ್ನಷ್ಟು ಕಲಸಿಹೋಗುತ್ತಿತ್ತು. ಕೊನೆಗೆ ಎಲ್ಲವನ್ನೂ ನೆಲಕ್ಕೆ ಸುರಿದಳು. ಬುಕ್ಕು ಒಂದು ಕಡೆ, ಬಟ್ಟೆ ಒಂದು ಕಡೆ, ಬಿಸಾಡುವುದು ಒಂದು ಕಡೆ. ದಸರಾದಲ್ಲಿ ಕಳೆದ ಸಾಕ್ಸೂ ಸಿಕ್ಕಿತು. ಮೈಸೂರಿನ ರೈಲು ಕೂಗಿತು. ಸ್ಕೂಲಿಗೆ ಹೊತ್ತಾಗಿತ್ತು.

ಟೇಪು ಹುಣಸೆಬೀಜಗಳ ನಡುವೆ ಮುದುಡಿಕೊಂಡು ಕೂತಿತ್ತು.

ತೆಗೆದುಕೊಂಡು ತಿರುಗಿದರೆ, ಬಾಗಿಲಲ್ಲಿ ಮೇಘನಾ.

ಅವಳು ಟೇಪು ನೋಡಿದಳು. ಪವಿತ್ರಳ ಮುಖ ನೋಡಿದಳು. ಟೇಪು ಇಸಿದುಕೊಂಡು ತೊಡೆಯ ಮೇಲೆ ಉಜ್ಜಿ ಸುಕ್ಕು ಬಿಡಿಸುತ್ತಾ, "ಅತ್ತೆ, ಸಿಕ್ತು. ಕಿಟಕಿ ಕೆಳಗೆ ಬಿದ್ದಿತ್ತು" ಎಂದು ಕೂಗಿ ಹೇಳಿದಳು.

ಪ್ರೇಯರ್‌ನಲ್ಲಿ ಎರಡನೇ ಸಾಲಿಗೆ ಮೇಘನಾಳ ಶ್ರುತಿ ಜಾರಿತು. ಪವಿತ್ರಳಿಗೆ ಒಂದು ಕ್ಷಣ ಒಳಗೊಳಗೇ ಹಿತವೆನಿಸಿತು. ಆಮೇಲೆ ಅವಳು ತಾನು ನಿಂತಲ್ಲಿಂದಲೇ ದನಿ ಏರಿಸಿ ಹಾಡಿದಳು. ಮೇಘನಾ ಆ ದನಿ ಹಿಡಿದುಕೊಂಡು ಮುಂದೆ ಹೋದಳು.

ಆ ರಾತ್ರಿ ಮೂರು ಗೂಡುಗಳಲ್ಲಿ ಒಂದು ಖಾಲಿ ಇತ್ತು.

"ಇದು ನಿಂದು ಕಣೇ," ಎಂದಳು ಪವಿತ್ರ.

ಮೇಘನಾ ಮೊದಲು ಬಾಚಣಿಗೆ ಮಾತ್ರ ಇಟ್ಟು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಎಣ್ಣೆ ಶೀಶೆ, ಫ್ರಾಕು. ಕಡೆಗೆ ಟೇಪು ಸುತ್ತಿದ ಲೋಟ. ಟಿಣ್.

ಅಮ್ಮ ಗೂಡುಗಳನ್ನು ನೋಡಿ, "ಇವತ್ ಸೂರ್ಯ ಯಾವ್ ದಿಕ್ಕಲ್ಲಿ ಉಟ್ಟಿದ್ನೋ. ಏನಾಯ್ತೇ ನಿಂಗೆ?" ಎಂದಳು.

ಬೆಳಗಿನದೆಲ್ಲ ಹೇಳಿಬಿಡಬೇಕು ಎನಿಸಿತು ಪವಿತ್ರಳಿಗೆ. ಹೇಳಿದರೆ, ಕಿಟಕಿ ಕೆಳಗೆ ಬಿದ್ದಿತ್ತು ಎಂದದ್ದು ಯಾಕೆ ಎಂದು ಅಮ್ಮ ಮೇಘನಾಳನ್ನೂ ಕೇಳುತ್ತಾಳೆ.

ಮೇಘನಾ ತಲೆ ಎತ್ತದೆ, ಖಾಲಿ ವೈರ್ ಬ್ಯಾಗನ್ನು ಮಡಚುತ್ತಿದ್ದಳು.

"ಏನಿಲ್ಲಮ್ಮ," ಎಂದಳು ಪವಿತ್ರ. ಇನ್ನು ಯಾರು ಕೇಳಿದರೂ ಅಷ್ಟೇ ಹೇಳುವುದು ಎಂದುಕೊಂಡಳು.