ಜ್ಞಾನಿಯ ಹೆಂಡತಿ

ಫಟ್!

ಕೋಲು ಲೆಫ್ಟೆರಿಸ್‌ನ ಬಾಯಿಗೇ ಬಿತ್ತು. ತುಟಿ ಸೀಳಿ ರಕ್ತ ಚಿಮ್ಮಿತು.

"ಥೆಯಾನೊ! ಹುಚ್ಚು ಹಿಡಿದಿದೆಯೇನೇ ನಿಂಗೆ?" ಥೆಸಲೊನೀಕಿ ನಗರದ ರಂಗಶಾಲೆಯೊಂದರ ಗುರು ಪೊಲಿಕ್ಸೇನಿ ಕಿರುಚಿದರು.

ಹೊಡೆತ ತಿನ್ನುವವನು ತಲೆಯಾಡಿಸಿದ ಮೇಲೆಯೇ ಹೊಡೆಯುವವಳು ಕೋಲು ಬೀಸಬೇಕು. ತಾಲೀಮಿನಲ್ಲೂ ಅದು ರಂಗದ ಕಟ್ಟಳೆ. ಥೆಯಾನೊ ಕಾಯಲೇ ಇಲ್ಲ!

ಎರಡು ಸಾವಿರ ವರ್ಷದ ಹಳೆಯ ಪ್ರಹಸನವದು. 'ನೋವೆಂಬುದು ಬರೀ ಭ್ರಮೆ' ಎಂದು ಊರಿಗೆಲ್ಲ ಬೋಧಿಸುವ ಜ್ಞಾನಿಯನ್ನು ಕೊನೆಗೆ ಹೆಂಡತಿಯೇ ಹಿಡಿದು ಬಡಿಯುತ್ತಾಳೆ. ಜ್ಞಾನಿ ಲೆಫ್ಟೆರಿಸ್, ಹೆಂಡತಿ ಥೆಯಾನೊ. 'ನಾಟಕದ ಆ ಹೆಂಡತಿ ಗಯ್ಯಾಳಿ' ಎಂದು ಅವನು, 'ಅಲ್ಲವೇ ಅಲ್ಲ' ಎಂದು ಅವಳು. ಪರಿಚಯವಾದ ದಿನದಿಂದಲೂ ಹಾವು-ಮುಂಗುಸಿ. ಆದರೂ ಅವನು ಒಂದು ದಿನ ಬರದಿದ್ದರೆ ಅವಳಿಗೆ ಏನೋ ಕಳವಳ...

ಇವತ್ತು ಬೆಳಿಗ್ಗೆ ಗುರುಗಳು ಹೇಳಿದ ಮಾತಿಗೆ ಅವಳ ಮೈಯೆಲ್ಲ ಉರಿದುಹೋಗಿತ್ತು. ಅವಳ ಪಾತ್ರವನ್ನು ಬೇರೆಯವರಿಗೆ ಕೊಡಿ ಎಂದು ಕೇಳಿದ್ದು ಇವನೇ!

"ನಗ್ತಾ ನಗ್ತಾ ಬೆನ್ನಿಗೆ ಚೂರಿ ಹಾಕಿದ್ಯಲ್ಲೋ!" ಮತ್ತೆ ಕೋಲೆತ್ತಿದಳು.

ಅವನು ಕದಲಲಿಲ್ಲ. "ಕೋಲು ಹಿಡಿದಾಗಲೆಲ್ಲ ನಿನ್ನ ಕೈ ನಡುಗುತ್ತೆ ಕಣೇ. ನಿಮ್ಮಪ್ಪ ಬೆಲ್ಟಲ್ಲಿ ಹೊಡೀತಿದ್ರಂತೆ, ನಿನ್ನ ತಂಗಿ ಹೇಳಿದ್ಲು. ನೀನು ದಿನಾ ಒದ್ದಾಡೋದು ನೋಡಕ್ಕಾಗ್ಲಿಲ್ಲ... ನೀನಂದ್ರೆ ನಂಗೆ ಪ್ರಾಣ!"

ಕೋಲು ಕೈಜಾರಿತು. ಅವನ ಗಲ್ಲದಿಂದ ರಕ್ತ ತೊಟ್ಟಿಕ್ಕುವುದನ್ನು ಕಂಡಳು. ಅಯ್ಯೋ, ಇದು ಅಪ್ಪನ ಹೊಡೆತವೇ ಅಲ್ಲವೇ! ನಾನೂ ಅಪ್ಪನಂತೆಯೇ ಆದೆನೇ?

ಅಳುತ್ತಲೇ ಕೊರಳ ಬಟ್ಟೆ ಬಿಚ್ಚಿ ಅವನ ತುಟಿಗೊತ್ತಿದಳು.

"ತಪ್ಪಾಯ್ತು ಕಣೋ... ಆದ್ರೆ ನಿಂದೂ ತಪ್ಪೇ. ಜ್ಞಾನಿಗೆ ನೋವಾಯ್ತಾ, ಇಲ್ವಾ ಅಂತ ಪಂಡಿತರೆಲ್ಲ ಪುಸ್ತಕ ಬರೆದಿದ್ದಾರೆ. ಆ ಹೆಂಡತಿಗೆ ಏನಾಗಿತ್ತು ಅಂತ ಒಬ್ನಾದ್ರೂ ಕೇಳಿದ್ನಾ? ಅವಳು ಹೊಡೆದಿದ್ದೇ ಅದಕ್ಕೆ! ನೀನೂ ನನ್ನ ಒಂದ್ಮಾತು ಕೇಳ್ದೆ ತೀರ್ಮಾನ ಮಾಡ್ಬಿಟ್ಟೆ."

ತಿಂಗಳುಗಟ್ಟಲೆ ನಾಟಕವನ್ನು ಅರೆದು ಕುಡಿದಿದ್ದರೂ ಇದು ಲೆಫ್ಟೆರಿಸ್‌ಗೆ ಹೊಳೆದಿರಲಿಲ್ಲ. ಗಂಡಸರ ಬುದ್ಧಿ ಅಷ್ಟೇ ಬಿಡಿ!

"ಈಗ ಕೇಳ್ಲಾ?" ಎಂದ ಮೆಲ್ಲಗೆ.

"ಕೇಳು."

"ತುಂಬಾ ನೋವಾಗಿತ್ತಾ, ಥೆಯಾನೊ?"

ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಮಾತು... ಅವನ ಎದೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು.

"ಹೂಂ... ತುಂಬಾ. ಆದ್ರೂ ಆ ಪಾತ್ರ ನಂದೇ!"

"ನಿಂದೇ ಕಣೇ," ಅವಳ ತಲೆ ಸವರುತ್ತ ಅವನು ಹೇಳಿದ. "ನಾನೂ ನಿನ್ನವನೇ."