ಕರಡಿಗೆ ಹೊತ್ತು ಬಂದವನು

"ಬಿಡ್ರಿ! ಸೆರಗು ಬಿಡ್ರಿ ಅಂದ್ರ ಬಿಡ್ರಿ!"

ಶರಣವ್ವ ಕಿರುಚಿದಳು. ಆ ಗದ್ದಲದಲ್ಲಿ ಅವಳ ದನಿ ಅವಳ ಕಿವಿಗೇ ಕೇಳಿಸಲಿಲ್ಲ.

ಮಾಟುಂಗಾ ಸ್ಟೇಶನ್ನಿನ ಹೊರಗೆ ಟಯರುಗಳು ಉರಿಯುತ್ತಿದ್ದವು. ಸೋಡಾ ಬಾಟಲಿಗಳು ಗೋಡೆಗೆ ಬಡಿದು ಚೂರಾಗುತ್ತಿದ್ದವು. ಮುಂಬಯಿ ಯಾರದು ಎಂಬ ಜಗಳ ಬೀದಿಗೆ ಇಳಿದಿದ್ದ ಐವತ್ತಾರರ ಜನವರಿ ಅದು. ಆ ಜಗಳದಲ್ಲಿ ಶರಣವ್ವನಿಗೆ ಯಾವ ಪಾಲೂ ಬೇಕಿರಲಿಲ್ಲ. ಫೋರ್ಟಿನ ಆಫೀಸು ಮಧ್ಯಾಹ್ನವೇ ಬಾಗಿಲು ಹಾಕಿತ್ತು, ವಡಾಲಕ್ಕೆ ಹೋಗುವ ಲೋಕಲ್ ನಿಂತಿತ್ತು, ಸಿಕ್ಕಿದ ಗಾಡಿ ಹತ್ತಿ ಮಾಟುಂಗಾದಲ್ಲಿ ಇಳಿದಿದ್ದಳು. ಟೈಪಿಸ್ಟ್ ಹುಡುಗಿಗೆ ಮನೆ ಸೇರಿದರೆ ಸಾಕಾಗಿತ್ತು.

ಈಗ ಹಿಂದಿನಿಂದ ಬಂದ ಕೈಯೊಂದು ಅವಳ ಕುತ್ತಿಗೆಯ ಹತ್ತಿರ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಜೋರಾಗಿ ಎಳೆಯುತ್ತಿತ್ತು!

ಅವಳು ಏನೂ ಯೋಚಿಸಲಿಲ್ಲ. ತಿರುಗಿ ಆ ಕೈಯನ್ನು ಕಚ್ಚಿದಳು. ಹಲ್ಲು ಮಾಂಸಕ್ಕೆ ಇಳಿಯಿತು, ಬಾಯಲ್ಲಿ ರಕ್ತದ ರುಚಿ ಬಂತು... ಆ ಕೈ ಬಿಡಲಿಲ್ಲ. ಅರ್ಧ ಇಳಿದಿದ್ದ ಹೋಟೆಲಿನ ಶಟರಿನ ಕೆಳಗಿನಿಂದ ಅವಳನ್ನು ಒಳಗೆ ಎಳೆದುಕೊಂಡಿತು.

ಮರುಕ್ಷಣವೇ ಅವಳು ನಿಂತಿದ್ದ ಜಾಗಕ್ಕೆ ಕಲ್ಲೊಂದು ಬಂತು. ಅವಳ ತಲೆಗೆ ಬೀಳಬೇಕಾದದ್ದು, ಅವಳನ್ನು ಎಳೆಯಲು ಹೊರಗೆ ಬಾಗಿದ್ದವನ ಹಣೆಗೆ ಬಿತ್ತು.

"ಶಟರ್ ಖೀಂಚೋ! ಜಲ್ದಿ!" ಎಂದು ಅವನು ಕೂಗಿದ. ಶಟರು ದಡಾರನೆ ಬಿತ್ತು. ಹೊರಗೆ ಪೊಲೀಸರ ಗುಂಡು ಹಾರಿತು. ಯಾರೋ ಚೀರಿದರು, ಆಮೇಲೆ ಆ ಚೀರಾಟ ಅರ್ಧಕ್ಕೇ ನಿಂತುಹೋಯಿತು.

ಕತ್ತಲಲ್ಲಿ ಬಟಾಟೆ ಮೂಟೆಗಳ ನಡುವೆ ಶರಣವ್ವ ನಡುಗುತ್ತ ಕುಳಿತಳು. ಎದುರಿಗೆ ಅವನು ಕುಳಿತಿದ್ದ. ಹಣೆಯ ರಕ್ತ ಹುಬ್ಬಿನ ಮೇಲಿಂದ ಇಳಿದು ಬಿಳಿ ಅಂಗಿಯನ್ನು ಕೆಂಪು ಮಾಡಿತ್ತು. ಆದರೂ ಅವನು ಒರೆಸಿಕೊಳ್ಳುತ್ತಿದ್ದುದು ಕೈಯನ್ನು!

"ಬೇಕಾದ್ರೆ ಇನ್ನೊಂದು ಕೈಗೂ ಕಚ್ಚಿ ಮಾರಾಯ್ರೆ," ಎಂದ. "ಹೊರಗೆ ಮಾತ್ರ ಹೋಗ್ಬೇಡಿ."

ಕನ್ನಡ! ಮಂಗಳೂರು ಕಡೆಯ ಕನ್ನಡವಾದರೂ ಕನ್ನಡವೇ. ಶರಣವ್ವನ ಕಣ್ಣು ತುಂಬಿ ಬಂದವು.

ಅವನು ಒಂದು ಲೋಟ ಕಾಫಿ ತಂದು ಮುಂದಿಟ್ಟ. ಅವಳು ಮುಟ್ಟಲಿಲ್ಲ. ಹೋಟೆಲಿನ ಲೋಟ ಹದಿನೆಂಟು ಜಾತಿಯ ಬಾಯಿ ಮುಟ್ಟಿದ್ದು ಎಂದು ಅವಳ ಅಣ್ಣ ದಾನಪ್ಪ ದಿನಾ ಹೇಳುತ್ತಿದ್ದ. ಜೊತೆಯ ಹುಡುಗಿಯರೆಲ್ಲ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಕುಳಿತು ನಕ್ಕು ಕುಡಿಯುವಾಗ ಇವಳು ತಲೆನೋವೆಂದು ಸುಳ್ಳು ಹೇಳಿ ಹೊರಗೆ ನಿಲ್ಲುತ್ತಿದ್ದಳು.

"ಯಾರ್ ಮಾಡಿದ್ದು?" ಎಂದು ಮೆಲ್ಲಗೆ ಕೇಳಿದಳು.

ಅವನಿಗೆ ಪ್ರಶ್ನೆ ಹೊಸದಲ್ಲ. "ಮಾಡಿದ್ದು ಭಟ್ರು. ತಂದದ್ದು ಮಾತ್ರ ನಾನು. ಒಲೆ ಹತ್ರ ನಮ್ಮನ್ನು ಬಿಡುದಿಲ್ಲ, ನೀವು ಹೆದರ್ಬೇಡಿ."

ಅವನು ಸಿಟ್ಟಿಲ್ಲದೆ ಹೇಳಿದ. ಅದಕ್ಕೇ ಅವಳಿಗೆ ನಾಚಿಕೆಯಾಯಿತು. ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದುಬಿಟ್ಟಳು. ಅವನು ನಕ್ಕ. ಇಂಥ ಹೊತ್ತಿನಲ್ಲೂ ಒಬ್ಬ ಮನುಷ್ಯ ಹೀಗೆ ನಗಬಹುದೇ...

"ಮನೆ ಎಲ್ಲಿ?"

"ವಡಾಲ. ಗಂಗುಬಾಯಿ ಚಾಳ್."

"ನಾವೂ ವಡಾಲದಲ್ಲೇ ಇರುದು. ನನ್ನ ಹೆಸರು ಚೆನ್ನಯ."

ಅವಳು ತನ್ನ ಹೆಸರು ಹೇಳುವ ಮೊದಲೇ ಶಟರು ಮೇಲೆ ಹೋಯಿತು. ಪೊಲೀಸರು ಹೆಂಗಸರನ್ನೆಲ್ಲ ಗುಂಪು ಮಾಡಿ ಕರೆದುಕೊಂಡು ಹೋದರು. ಶರಣವ್ವ ತಿರುಗಿ ತಿರುಗಿ ನೋಡುತ್ತ ನಡೆದಳು.

* * *

ಮನೆ ಸೇರಿ ಸೆರಗು ಸರಿಮಾಡಿಕೊಂಡಾಗ ಅವಳ ಎದೆ ಧಸಕ್ಕೆಂದಿತು.

ಕೊರಳಲ್ಲಿ ಲಿಂಗವಿಲ್ಲ! ಹರಿದ ಶಿವದಾರದ ಒಂದು ತುದಿ ಮಾತ್ರ ರವಿಕೆಗೆ ಸಿಕ್ಕಿಕೊಂಡಿತ್ತು. ಮಗುವಾಗಿದ್ದಾಗ ಅಯ್ಯನವರು ಕಟ್ಟಿದ ಲಿಂಗ, ಅದನ್ನಿಟ್ಟಿದ್ದ ಮೊಟ್ಟೆಯಾಕಾರದ ಬೆಳ್ಳಿಯ ಕರಡಿಗೆ, ಎರಡೂ ಹೋಗಿದ್ದವು.

ತಾಯಿ ರಾಚವ್ವ ಹಣೆ ಹಣೆ ಬಡಿದುಕೊಂಡಳು. "ಯವ್ವಾ! ಲಿಂಗ ಕಳಕೊಂಡು ಬಂದೀಯಲ್ಲ ನನ್ನವ್ವಾ! ಇನ್ನ ನಿನ್ನ ಬಾಯಾಗ ನೀರು ಹೆಂಗ ಹಾಕಲಿ?"

ಅವರ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಹನಿ ನೀರು ಮುಟ್ಟುತ್ತಿರಲಿಲ್ಲ. ಹೊಸ ಲಿಂಗ ಕಟ್ಟಬೇಕಾದ ಗುರುಗಳು ಚನ್ನಬಸಯ್ಯನವರು ಇದ್ದದ್ದು ದೂರದ ಬೊರಿವಲಿಯಲ್ಲಿ. ಊರಿಗೆಲ್ಲ ಕರ್ಫ್ಯೂ. ಅಂದರೆ ಶರಣವ್ವನಿಗೆ ಅನ್ನವಿಲ್ಲ, ನೀರಿಲ್ಲ.

ದಾನಪ್ಪ ಬಂದರಿನಲ್ಲಿ ಮೂಟೆ ಎಳೆಯುವವನು. ಅವನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ತಂಗಿಯ ಕಪಾಳಕ್ಕೆ ಫಟೀರನೆ ಬಾರಿಸಿದ.

"ಯಾರು ಕೈ ಹಾಕಿದ್ರು? ಹೇಳು!"

ಕೆನ್ನೆ ಉರಿಯುತ್ತಿತ್ತು. ಕುತ್ತಿಗೆಯ ಹತ್ತಿರ ಮುಷ್ಟಿ ಹಿಡಿದ ಆ ಕೈ ಕಣ್ಣ ಮುಂದೆ ಬಂತು. 'ಬೆಳ್ಳಿ ಕಂಡು ಎಳೆದನೇ? ಕಾಫಿ ಕೊಟ್ಟದ್ದು, ನಕ್ಕದ್ದು, ಎಲ್ಲಾ ನಾಟಕವೇ? ಬೆಳ್ಳಗಿರುವುದನ್ನೆಲ್ಲ ಹಾಲೆಂದು ನಂಬಿದೆನಲ್ಲ...'

"ಹೋಟೆಲಿನಾಂವ," ಎಂದು ಬಿಕ್ಕಿದಳು. "ಚೆನ್ನಯ ಅಂತ. ಅವನಽ ಎಳದಾನ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಮ್ಮ ಹುಡುಗಿ ಪ್ರಮಾಣಿಸಲಿಲ್ಲ, ಹೆಸರು ಹೇಳಿಬಿಟ್ಟಳು. ದಾನಪ್ಪ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ಗೂಟದಿಂದ ತೆಗೆದು ಹೊಸ್ತಿಲ ಬಳಿ ಇಟ್ಟುಕೊಂಡ. ಕರ್ಫ್ಯೂ ಸಡಿಲವಾಗುವುದನ್ನೇ ಕಾಯುತ್ತ ಕುಳಿತ.

* * *

ಚೆನ್ನಯ ಮಾಡಿದ ತಪ್ಪು ಬೇರೆಯೇ ಇತ್ತು.

ಗಲಾಟೆ ತಣ್ಣಗಾದ ಮೇಲೆ ಹೋಟೆಲಿನ ಗಾಜಿನ ಚೂರು ಗುಡಿಸುವಾಗ ಮೂಟೆಯ ಸಂದಿಯಲ್ಲಿ ಅವನಿಗೆ ಆ ಬೆಳ್ಳಿಯ ಕರಡಿಗೆ ಸಿಕ್ಕಿತು. ಅವನು ಹುಟ್ಟಿದ ಕಡೆ ಅಂಥದ್ದರಲ್ಲಿ ಇಡುವುದು ಒಂದೇ ವಸ್ತು. ಎಲೆ ಅಡಿಕೆಗೆ ಹಚ್ಚುವ ಸುಣ್ಣ! ಯಾವುದೋ ಅಜ್ಜಿ ಓಡುವಾಗ ಬೀಳಿಸಿಕೊಂಡಿರಬೇಕು, ಹುಡುಕಿಕೊಂಡು ಬಂದರೆ ಕೊಟ್ಟರಾಯಿತು ಎಂದುಕೊಂಡ. ಮನೆಗೆ ಒಯ್ದು ತಾಯಿ ಸೇವಂತಿಯ ಎಲೆ ತಟ್ಟೆಯಲ್ಲಿ ಜೋಪಾನವಾಗಿ ಇಟ್ಟ.

ಮರುದಿನ ರಾತ್ರಿ ಸೇವಂತಿಯ ಸುಣ್ಣ ಮುಗಿದಿತ್ತು. ವೀಳ್ಯದೆಲೆ ತೊಡೆಯ ಮೇಲೆ ಹಾಸಿಕೊಂಡು ಕರಡಿಗೆಯ ಮುಚ್ಚಳ ತೆಗೆದಳು. ತೆಗೆದವಳು ಕುಳಿತಲ್ಲೇ ಕಲ್ಲಾದಳು.

"ಮಗಾ... ಇದು ಸುಣ್ಣ ಅಲ್ಲ. ಇದು ದೇವರು!"

ಒಳಗೆ ಕೆಂಪು ಬಟ್ಟೆಯಲ್ಲಿ ಕರಿಯ ಲಿಂಗ ತಣ್ಣಗೆ ಕುಳಿತಿತ್ತು. ಹೊರಗೆ ಹರಿದ ದಾರ ನೇತಾಡುತ್ತಿತ್ತು. ಚೆನ್ನಯ ತನ್ನ ಕೈಯ ಹಲ್ಲಿನ ಗುರುತು ನೋಡಿಕೊಂಡ. ಆ ಕುತ್ತಿಗೆ! ಆ ಹುಡುಗಿ!

ಸೇವಂತಿ ಮಗನ ಬೆನ್ನಿಗೆ ಗುದ್ದಿದಳು. "ಎಲೆ ತಟ್ಟೆಯಲ್ಲಿ ಇಡ್ಲಿಕ್ಕೆ ಆಗ್ತದಾ ಇದನ್ನು? ನಳ್ಳಿ ಹತ್ರ ನೀರಿಗೆ ಬರುವ ಘಟ್ಟದ ಮೇಲಿನ ಹೆಂಗಸರು ಹೇಳ್ತಾರೆ, ಇದಕ್ಕೆ ಪೂಜೆ ಆಗದೆ ಅವರು ನೀರೂ ಕುಡಿಯುದಿಲ್ಲ ಅಂತ. ಆ ಮಗು ಹೇಗುಂಟೋ ಏನೋ!"

ಚೆನ್ನಯ ಹೊತ್ತು ಲೆಕ್ಕ ಹಾಕಿದ. ಅವಳು ಕುಡಿದ ಕೊನೆಯ ಲೋಟ ತಾನು ಕೊಟ್ಟ ಕಾಫಿ!

ಬೆಳಗಾಗುತ್ತಲೇ ಸೇವಂತಿ ಕಂಚಿನ ತಟ್ಟೆ ತೊಳೆದು, ಬಾಳೆಲೆ ಹಾಸಿ, ಅದರ ಮೇಲೆ ಕರಡಿಗೆ ಇಟ್ಟಳು. "ಎರಡೂ ಕೈಯಲ್ಲಿ ಹಿಡ್ಕೊ. ನೆಲಕ್ಕೆ ಇಡ್ಬೇಡ. ದಾರಿಯಲ್ಲಿ ಏನೇ ಆಗ್ಲಿ, ಕೈ ಇಳಿಸ್ಬೇಡ."

* * *

ಬೆಳಿಗ್ಗೆ ಹಾಲಿಗೆಂದು ಕರ್ಫ್ಯೂ ಸ್ವಲ್ಪ ಹೊತ್ತು ಸಡಿಲಿಸಿದರು. ಗಂಗುಬಾಯಿ ಚಾಳಿನ ಅಂಗಳಕ್ಕೆ ಚೆನ್ನಯ ಬಂದಾಗ ದಾನಪ್ಪ ಕೊಕ್ಕೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ.

"ಇಲ್ಲಿ ಲಿಂಗ ಕಳೆದುಕೊಂಡ ಹುಡುಗಿ..."

"ಯಾರಲೇ ನೀ?"

"ಹೋಟೆಲಿನ ಚೆನ್ನಯ. ನಾನು..."

ಮುಂದಿನ ಮಾತು ದಾನಪ್ಪನಿಗೆ ಬೇಕಿರಲಿಲ್ಲ. ಕೊಕ್ಕೆ ಬೀಸಿ ಬಂದು ಚೆನ್ನಯನ ಭುಜಕ್ಕೆ ಕಚ್ಚಿಕೊಂಡಿತು. ಎಳೆದಾಗ ಅಂಗಿಯ ಜೊತೆ ಮಾಂಸವೂ ಕಿತ್ತು ಬಂತು. ಗ್ಯಾಲರಿಯ ಜನ "ಚೋರ್! ಮಾರೋ ಸಾಲೇ ಕೋ!" ಎಂದು ಕೂಗಿದರು. ಯಾರೋ ಮೇಲಿನಿಂದ ಕಲ್ಲಿದ್ದಲ ತುಂಡು ಎಸೆದರು. ಕೆಳಗಿದ್ದವರು ಒದ್ದರು. ಹೊಟ್ಟೆಗೆ, ಬೆನ್ನಿಗೆ, ಮೊಣಕಾಲಿಗೆ...

ಚೆನ್ನಯ ಮೊಣಕಾಲೂರಿ ಕುಸಿದ. ಹಣೆಯ ಹಳೆಯ ಗಾಯ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಆದರೆ ಅವನ ಎರಡೂ ಕೈಗಳು ತಲೆಯ ಮೇಲಿದ್ದವು. ತಟ್ಟೆ ನಡುಗುತ್ತಿತ್ತು, ಕೆಳಗೆ ಬರಲಿಲ್ಲ.

ಗದ್ದಲ ಕೇಳಿ ಶರಣವ್ವ ಗೋಡೆ ಹಿಡಿದುಕೊಂಡು ಗ್ಯಾಲರಿಗೆ ಬಂದಳು. ನೋಡಿದಳು. ಎಲೆಯ ಮೇಲೆ ಬೆಳ್ಳಿ ಹೊಳೆಯಿತು.

'ಕಳ್ಳ ಹೀಗೆ ಬರುತ್ತಾನೆಯೇ? ಅಯ್ಯೋ, ನಾನೇ ಹೆಸರು ಹೇಳಿದೆ... ನಾನೇ ಕೊಲ್ಲಿಸುತ್ತಿದ್ದೇನೆ!'

ನೀರಿಲ್ಲದೆ ಸೊರಗಿದ ಕಾಲಿಗೆ ಆ ಶಕ್ತಿ ಎಲ್ಲಿಂದ ಬಂತೋ! ಮೆಟ್ಟಿಲು ಹಾರುತ್ತ ಇಳಿದು ಕೊಕ್ಕೆಗೂ ಅವನಿಗೂ ನಡುವೆ ಬಿದ್ದಳು.

"ಹೊಡಿ ಅಣ್ಣಾ! ಇನ್ನ ನನಗ ಹೊಡಿ! ತಪ್ಪು ನಂದು, ಇವರದಲ್ಲ!"

ಅಂಗಳ ತಣ್ಣಗಾಯಿತು. ದಾನಪ್ಪ ಏದುಸಿರು ಬಿಡುತ್ತ ತಟ್ಟೆ ನೋಡಿದ. ಒಂದು ಕ್ಷಣ ಅವನ ಕೊಕ್ಕೆ ಇಳಿಯಿತು. ಆಮೇಲೆ ಅವನ ಬಾಯಲ್ಲಿ ಬಂದದ್ದು ಹಳೆಯ ಪ್ರಶ್ನೆಯೇ.

"ನೀ ಯಾವ ಪೈಕಿ?"

"ಬಿಲ್ಲವರು," ಎಂದ ಚೆನ್ನಯ, ರಕ್ತ ಉಗುಳಿ. "ನನ್ನ ಅಪ್ಪ ಶೇಂದಿ ಇಳಿಸ್ತಿದ್ರು."

"ಶೇಂದಿಯವನ ಕೈ ಮುಟ್ಟಿದ ಲಿಂಗ!" ದಾನಪ್ಪನ ಕಣ್ಣು ಮತ್ತೆ ಕೆಂಪಾದವು. "ಶರಣಿ, ಅದನ್ನ ಮುಟ್ಟಬ್ಯಾಡ. ಸಮುದ್ರಕ್ಕ ಹಾಕೋಣು. ಅಯ್ಯಾರ ಬಂದು ಹೊಸಾದು ಕಟ್ತಾರ. ಮುಟ್ಟಿದಿ ಅಂದ್ರ ನಿನಗ ಈ ಮನಿ ಬಾಗಲಾ ಇಲ್ಲ, ತಿಳೀತಿಲ್ಲೊ?"

ಶರಣವ್ವ ಅಣ್ಣನನ್ನು ನೋಡಿದಳು. ಅಪ್ಪ ಸತ್ತ ಮೇಲೆ ಬೆನ್ನು ಬಾಗಿಸಿ ದುಡಿದು ಅವಳನ್ನು ಓದಿಸಿದವನು ಅವನೇ. ಅವನ ಮೇಲೆ ಪ್ರೀತಿಯಿತ್ತು. ಆ ಬಾಗಿಲ ಮೇಲೂ ಪ್ರೀತಿಯಿತ್ತು.

"ಲಿಂಗಕ್ಕ ಮೈಲಿಗಿ ಇಲ್ಲ ಅಂತ ಅಯ್ಯಾರು ಹೇಳಿದಾಗ ಹೌದಂತ ತಲಿ ಆಡಸಾಂವ ನೀನ, ಅಣ್ಣಾ," ಎಂದಳು. "ನನಗ ಅದು ಖರೇ ಅನಸಿತ್ತು."

ಚೆನ್ನಯನ ಕೈಗಳಿಂದ ತಟ್ಟೆ ತೆಗೆದುಕೊಂಡು ಕರಡಿಗೆ ಎತ್ತಿಕೊಂಡಳು. ನಳದ ಕೆಳಗೆ ಮುಖ ಕೈ ತೊಳೆದು, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಕಣ್ಣು ಮುಚ್ಚಿದಳು. ಪೂಜೆ ಮುಗಿಸಿ ಬೊಗಸೆ ತುಂಬ ನೀರು ಕುಡಿದಳು. ಗ್ಯಾಲರಿಯ ಮೇಲೆ ರಾಚವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ದಾನ್ಯಾ, ಇಷ್ಟು ಹೊಡದಿ," ಎಂದಳು ಅವಳು. "ಅಂವ ಎತ್ತಿದ ಕೈ ಇಳಸಲಿಲ್ಲೋ ಮಗನ..."

ಆಗ ಚೆನ್ನಯನ ಖಾಲಿ ಕೈಗಳು ಕೆಳಗೆ ಬಿದ್ದವು. ಅವನೂ ಬಿದ್ದ. ದಾನಪ್ಪ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಶರಣವ್ವ ಆ ಬಾಗಿಲನ್ನು ತಟ್ಟಲಿಲ್ಲ.

* * *

ಆಸ್ಪತ್ರೆಯ ವಾರ್ಡಿನಲ್ಲಿ ಚೆನ್ನಯನಿಗೆ ಎಚ್ಚರವಾದಾಗ ಮಂಚದ ಪಕ್ಕ ಅವಳಿದ್ದಳು. ಸೇವಂತಿ ಅವಳಿಗೆ ಗಂಜಿ ಕುಡಿಸಿ, ತನ್ನ ಕೋಣೆಯಲ್ಲೇ ಮಲಗಿಸಿ, ಬೆಳಿಗ್ಗೆ ತನ್ನ ಜೊತೆಗೇ ಕರೆತಂದಿದ್ದಳು. ರಾಚವ್ವ ಕದ್ದು ರೊಟ್ಟಿ ಕಟ್ಟಿ ಕಳಿಸಿದ್ದಳು. ದಾನಪ್ಪ ಮಾತ್ರ ಬಂದಿರಲಿಲ್ಲ.

"ನಿಮ್ಮ ಹೆಸರು ನಂಗೆ ಇನ್ನೂ ಗೊತ್ತಿಲ್ಲ," ಎಂದ ಅವನು.

"ಶರಣವ್ವ." ಅವಳ ದನಿ ಒಡೆಯಿತು. "ನಿಮ್ಮನ್ನ ಕಳ್ಳ ಅಂದೆ ನಾ. ಕೊಕ್ಕಿ ಹಿಡದಾಂವ ಅಣ್ಣ ಆದ್ರೂ ಹೊಡದಾಕಿ ನಾನಽ..."

"ನಂದೂ ತಪ್ಪುಂಟು. ನಿಮ್ಮ ದೇವರನ್ನು ನಾನು ಸುಣ್ಣದ ಡಬ್ಬಿ ಅಂತ ಎಲೆ ತಟ್ಟೆಯಲ್ಲಿ ಇಟ್ಟಿದ್ದೆ."

"ಏನು?!"

ಅವಳು ಕಣ್ಣೀರಿನ ನಡುವೆಯೇ ಫಕ್ಕನೆ ನಕ್ಕಳು. ಅವನೂ ನಗಲು ಹೋಗಿ, ಭುಜ ಹಿಡಿದುಕೊಂಡು ನರಳಿದ. ಶರಣವ್ವ ಅವನ ಕೈಯನ್ನು ಮೆಲ್ಲಗೆ ತೆಗೆದುಕೊಂಡಳು. ಅಲ್ಲಿ ಅವಳ ಹಲ್ಲಿನ ಗುರುತು ನೀಲಿಗಟ್ಟಿತ್ತು.

"ಒಂದ್ ಮಾತು ಖರೇ ಹೇಳ್ರಿ. ಕೈ ಇಳಸಲಿಲ್ಲಲ್ಲ ನೀವು... ದೇವರ ಸಲುವಾಗೇನು?"

ಚೆನ್ನಯ ಆ ಹಲ್ಲಿನ ಗುರುತನ್ನೇ ನೋಡಿದ.

"ಮನೆಯಿಂದ ಹೊರಟದ್ದು ದೇವರಿಗೆ ಅಂತಲೇ. ಏಟು ಬೀಳುವಾಗ ದೇವರು ನೆನಪಾಗ್ಲಿಲ್ಲ. ಇದು ಬಿದ್ರೆ ನೀವು ನೀರು ಕುಡಿಯುದಿಲ್ಲ ಅಂತ ಅಷ್ಟೇ ನೆನಪಾದದ್ದು."

ಶರಣವ್ವ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ವಾರ್ಡಿನಲ್ಲಿ ಯಾರು ನೋಡಿದರೂ ಈಗ ಅವಳಿಗೆ ಚಿಂತೆಯಿರಲಿಲ್ಲ. ಸೇವಂತಿ ಮಾತ್ರ ಏನೋ ಕೆಲಸ ನೆನಪಾದವಳಂತೆ ಎದ್ದು ಹೊರಗೆ ಹೋದಳು.

"ಲಗೂ ಆರಾಮಾಗ್ರಿ," ಎಂದಳು ಶರಣವ್ವ. "ನನಗ ನಿಮ್ಮ ಕೈಯಾಗಿನ ಕಾಫಿ ಕುಡೀಬೇಕಾಗೇತಿ. ಭಟ್ರು ಮಾಡಿದ್ದಲ್ಲ, ನೀವ ಮಾಡಿದ್ದು."

ಅವನ ಮುಖ ಸಣ್ಣದಾಯಿತು. "ನಂಗೆ ಕಾಫಿ ಮಾಡ್ಲಿಕ್ಕೆ ಬರುದಿಲ್ಲ. ಇಷ್ಟು ವರ್ಷ ಹೋಟೆಲಿನಲ್ಲಿದ್ದೂ ಒಲೆ ಹತ್ರ ಯಾರೂ ಬಿಟ್ಟದ್ದೇ ಇಲ್ಲ."

"ಹಂಗಾದ್ರ ನಮ್ಮ ಮನಿ ಒಲಿ ಮುಂದ ಕಲೀರಿ."

"ನಿಮ್ಮ ಮನೆ? ಅಲ್ಲಿ ಬಾಗಿಲೇ ಹಾಕಿದ್ದಾರಲ್ಲ..."

"ನಮ್ಮ ಮನಿ ಅಂದೆ," ಎಂದಳು ಶರಣವ್ವ, ತಲೆ ತಗ್ಗಿಸಿ. "ನಂದೂ... ನಿಮ್ದೂ."