ಹದಿಮೂರು ಕೆಂಪು ಗುರುತು

ಒಂದೇ ಒಂದು ಕೆಂಪು ಗುರುತು ಕಣ್ತಪ್ಪಿದ್ದಕ್ಕೆ ವೆಂಡೆಲ್ ಹಾಸ್ಕಿನ್ಸನ ಬಡ್ತಿ ಹೋದ ವರ್ಷ ಕೈತಪ್ಪಿತ್ತು. ಮ್ಯಾನ್‌ಹಟನ್ನಿನ ಆ ಬ್ಯಾಂಕಿನದು ಕಂಪನಿಗಳನ್ನು ಮಾರಿಸುವ, ಕೊಳ್ಳಿಸುವ ವ್ಯವಹಾರ. ಅದಕ್ಕೆ ಬೇಕಾದ ದಪ್ಪ ದಪ್ಪ ಪುಸ್ತಕಗಳನ್ನು ತಯಾರಿಸುವವನು ಅನಲಿಸ್ಟ್. ಮೇಲಿನವರು ಪುಟಪುಟಕ್ಕೂ ಕೆಂಪು ಪೆನ್ನಿನಲ್ಲಿ ಗೀಚಿ ಕೊಡುತ್ತಾರೆ, ಅವನು ಒಂದೂ ಬಿಡದೆ ತಿದ್ದಿ ತರಬೇಕು. ಏಕೆಂದು ಕೇಳುವಂತಿಲ್ಲ. ಬಡ್ತಿ ಸಿಕ್ಕಿ ಅಸೋಸಿಯೇಟ್ ಆದ ದಿನ ಆ ಪೆನ್ನು ಅವನ ಕೈಗೇ ಬರುತ್ತದೆ, ಗೀಚಿಸಿಕೊಳ್ಳುವ ಪಾಡು ಇನ್ನೊಬ್ಬನದಾಗುತ್ತದೆ. ವೆಂಡೆಲ್ ಮೂರು ವರ್ಷ ಉಸಿರು ಹಿಡಿದಿದ್ದೇ ಆ ಪೆನ್ನಿಗಾಗಿ.

ಅವನ ಮೇಲಧಿಕಾರಿ ಗ್ರಾಂಟ್ ಓಸ್ಟರ್ ಎಂಟು ಜನರ ಮುಂದೆ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ್ದ. "ಏನಯ್ಯಾ ವೆಂಡೆಲ್, ದೇವರು ಕಣ್ಣು ಕೊಟ್ಟಿರೋದು ಕನ್ನಡಕ ಹಾಕ್ಕೊಳ್ಳೋಕಷ್ಟೇನಾ? ಒಂದು ಗುರುತು ಬಿಟ್ಟೋನು ಅನಲಿಸ್ಟಾಗೇ ಮುದುಕನಾಗ್ಲಿ ಬಿಡಿ."

ಎಂಟೂ ಜನ ನಕ್ಕರು. ಆ ನಗು ವೆಂಡೆಲ್‌ನ ಎದೆಯಲ್ಲಿ ಒಂದು ವರ್ಷ ಕೊಳೆಯಿತು.

ಈ ವರ್ಷವೂ ಬಡ್ತಿ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು, ಅದು ಅಲ್ಲಿಯ ರಿವಾಜು. ಇರುವುದು ಒಂದೇ ಜಾಗ. ಗ್ರಾಂಟ್ ಸೋಮವಾರ ಬೆಳಿಗ್ಗೆ ತನ್ನ ಅಭಿಪ್ರಾಯ ಬರೆದು ಕೊಡಬೇಕಿತ್ತು. ಅವನ ಮೇಜಿನ ಮೇಲಿದ್ದ ಕರಡನ್ನು ವೆಂಡೆಲ್ ಗುರುವಾರವೇ ಕದ್ದು ಓದಿದ್ದ. ತನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಒಂದೇ ಪದವಿತ್ತು: ಬೇಡ. ಗ್ರಾಂಟ್ ಇಲ್ಲದಿದ್ದರೆ ತೀರ್ಮಾನ ವಿಭಾಗದ ಮುಖ್ಯಸ್ಥೆ ಲಿವಿಯಾ ಕಾಪ್‌ಳದು, ಆಕೆಗೆ ವೆಂಡೆಲ್ ಎಂದರೆ ಅಕ್ಕರೆ. ಅಂದಮೇಲೆ ಗ್ರಾಂಟ್ ಸೋಮವಾರದವರೆಗೆ ಇರಬಾರದು.

ಯೋಜನೆ ಅವನಿಗೆ ಅವನೇ ಮಾಡಿದ ಪುಸ್ತಕಗಳಿಗಿಂತ ಅಚ್ಚುಕಟ್ಟಾಗಿ ಕಂಡಿತು. ಶನಿವಾರ ಕಿರಿಯರಿಗೆ ಕೆಲಸ ಹಚ್ಚುವುದಿರಲಿ, ಕೆಲಸದ ಬಗ್ಗೆ ಒಂದು ಸಂದೇಶ ಕೂಡ ಕಳಿಸಬಾರದೆಂದು ಬ್ಯಾಂಕಿನ ಕಟ್ಟಪ್ಪಣೆ. ಆ ದಿನ ಅನಲಿಸ್ಟುಗಳು ಸತ್ತವರಂತೆ ಮಲಗುವುದು ಊರಿಗೇ ಗೊತ್ತು. ಶುಕ್ರವಾರ ಅವನು ಕೋಣೆ ಸೇರಿದಾಗ, ಅದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡಿದ್ದ ಜೊತೆಗಾರ ಟಿಯೊ ಗೊಣಗಿದ, "ಹೋಯ್ತು ಹೆಣ ಗುಂಡಿಗೆ. ಭಾನುವಾರ ಎದ್ರೆ ಹೇಳಪ್ಪಾ, ತಿನ್ನೋಕೆ ಬೇಗಲ್ ತರ್ತೀನಿ." ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಶನಿವಾರ ಮಧ್ಯಾಹ್ನ ಫೋನನ್ನು ದಿಂಬಿನ ಪಕ್ಕ ಬಿಟ್ಟು, ಬೆಂಕಿ ಬಿದ್ದರೆ ಇಳಿಯಲೆಂದು ಕಿಟಕಿಯಾಚೆ ಹಾಕಿದ್ದ ಕಬ್ಬಿಣದ ಮೆಟ್ಟಿಲಿನಿಂದ ಇಳಿದು, ನಗದು ಕೊಟ್ಟು ಟಿಕೆಟ್ ಕೊಂಡು ಗ್ರಾಂಟನ ಮನೆಯಿದ್ದ ಲಾರ್ಚ್‌ಮಂಟಿನ ರೈಲು ಹತ್ತಿದ. ಗ್ರಾಂಟನ ಹೆಂಡತಿ ಮಕ್ಕಳು ಹಿಮದಲ್ಲಿ ಜಾರಾಡಲು ವರ್ಮಾಂಟಿಗೆ ಹೋಗಿದ್ದರು.

ಗಂಟೆ ಒತ್ತಿದ. ಕಿವಿಯಿಂದ ಫೋನು ಇಳಿಸುತ್ತ ಗ್ರಾಂಟೇ ಬಾಗಿಲು ತೆಗೆದ.

"ಅರೆ, ನೀನಾ! ಇವತ್ತು ಶನಿವಾರ ಕಣಯ್ಯಾ. ನಿನ್ನನ್ನ ಮನೆಗೆ ಕರೆಸಿದೆ ಅಂತ ನನ್ನ ಕೆಲಸ ತೆಗೀತಾರೆ ಅಷ್ಟೆ."

"ಐದು ನಿಮಿಷ ಗ್ರಾಂಟ್, ಬಡ್ತಿ ವಿಷಯ ಮಾತಾಡ್ಬೇಕಿತ್ತು ನಿಮ್ಮ ಹತ್ರ."

"ಬೇಡ್ಕೊಳ್ಳೋಕೆ ಬಂದ್ಯಾ? ಬಾ, ಬಾ. ಅಳೋದಾದ್ರೆ ಕಾರ್ಪೆಟ್ ಮೇಲೆ ಅಳಬೇಡ, ಹೊಸದು."

ಓದುವ ಕೋಣೆಯ ಮೇಜಿನ ಮೇಲೆ ಮಂಗಳವಾರದ ಸಭೆಗೆಂದು ವೆಂಡೆಲ್ ಮಾಡಿಕೊಟ್ಟಿದ್ದ ಪುಸ್ತಕ ಹರಡಿತ್ತು, ಮೈತುಂಬ ಕೆಂಪು. ಕಪಾಟಿನಲ್ಲಿ, ಮುಗಿದ ವ್ಯವಹಾರಗಳ ನೆನಪಿಗೆ ಬ್ಯಾಂಕು ಕೊಡುವ ಗಾಜಿನಂಥ ದಿಮ್ಮಿಗಳ ಸಾಲು. ಗ್ರಾಂಟ್ ಪೆನ್ನಿಗಾಗಿ ಬಾಗಿದಾಗ ವೆಂಡೆಲ್ ಚಳಿಗಾಲದ ಕೈಗವಸು ತೆಗೆಯದೆಯೇ ಅತಿ ಭಾರದ್ದನ್ನು ಎತ್ತಿಕೊಂಡ, ಮೂಲೆ ಕೆಳಗಾಗುವಂತೆ ಹಿಡಿದು ನೆತ್ತಿಗೆ ಅಪ್ಪಳಿಸಿದ.

ಒಂದೇಟಿಗೆ ಮುಗಿಯಬಹುದೆಂದುಕೊಂಡಿದ್ದ. ಮುಗಿಯಲಿಲ್ಲ. ಗ್ರಾಂಟ್ ಮಂಡಿಯೂರಿ ಬಿದ್ದು, ತಿರುಗಿ, ಅವನ ಕಾಲು ತಬ್ಬಿಕೊಂಡ. ಬಾಯಿಂದ ಮಾತು ಬರಲಿಲ್ಲ, ರಕ್ತ ಬಂತು. ವೆಂಡೆಲ್ ಅವನ ಬೆರಳುಗಳ ಮೇಲೆ ಹೊಡೆದ, ಮೂಳೆ ಮುರಿದ ಸದ್ದಾಯಿತು, ಆಮೇಲೆ ಹಣೆಯ ಮೇಲೆ, ಆಮೇಲೆ ದವಡೆಯ ಮೇಲೆ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು. ಎಂಟು ಏಟು ಹೊಡೆದ, ನಕ್ಕವರು ಎಂಟು ಜನ. ಎಂಟನೆಯದರ ಹೊತ್ತಿಗೆ ಗ್ರಾಂಟನ ಮುಖ ಮುಖವಾಗಿ ಉಳಿದಿರಲಿಲ್ಲ. ವೆಂಡೆಲ್‌ಗೆ ಹೇಸಿಗೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಒಂದು ವರ್ಷದಲ್ಲಿ ಅಷ್ಟು ಹಗುರ ಅವನಿಗೆ ಎಂದೂ ಅನಿಸಿರಲಿಲ್ಲ.

ಮಿಕ್ಕದ್ದು ಕಳ್ಳತನದ ವೇಷ. ಡ್ರಾಯರುಗಳನ್ನು ಕಿತ್ತು ಹಾಕಿದ, ಕೈಗಡಿಯಾರ ಬಿಚ್ಚಿಕೊಂಡ, ಹಿಂಬಾಗಿಲ ಗಾಜು ಒಡೆದ. ರಕ್ತದ ಜಾಕೆಟ್ಟು, ದಿಮ್ಮಿ ಎರಡೂ ಚೀಲ ಸೇರಿದವು, ಆಮೇಲೆ ಸಮುದ್ರ ಸೇರಿದವು.

ಹೊರಡುವ ಮುನ್ನ ಮಾತ್ರ ಮೇಜಿನ ಬಳಿ ನಿಂತ. ಗ್ರಾಂಟ್ ಸತ್ತರೂ ಪುಸ್ತಕದ ತಪ್ಪು ಸಾಯುವುದಿಲ್ಲ. ಮಂಗಳವಾರ ಲಿವಿಯಾಳ ಮುಂದೆ ಇನ್ನೊಂದು ತಪ್ಪು ಹೊರಬಿದ್ದರೆ ಈ ರಕ್ತವೆಲ್ಲ ನೀರುಪಾಲು. ಗೀಚಿದ ಹಾಳೆಗಳನ್ನು ಮಡಿಸಿ ಅಂಗಿಯೊಳಗೆ ತುರುಕಿಕೊಂಡ. ರೈಲಿನಲ್ಲಿ ಎಣಿಸಿದ, ಹದಿಮೂರು. ಒಂದು ಕಡೆ ಅಲ್ಪವಿರಾಮ, ಒಂದು ಕಡೆ ನೀಲಿ ಬಣ್ಣ ತೆಳುವಾಗಿತ್ತು, ಮೂವತ್ತೊಂದನೆಯ ಪುಟದಲ್ಲಿ ಹನ್ನೆರಡು ಕಾರ್ಖಾನೆ ಹೋಗಿ ಹನ್ನೊಂದು, ನಲವತ್ತರಲ್ಲಿ ಗೆರೆ ವಾರೆ. ಎಲ್ಲವನ್ನೂ ಬಾಯಿಪಾಠ ಮಾಡಿ, ಹಾಳೆಗಳನ್ನು ಚೂರುಚೂರು ಮಾಡಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೂರು ಕಸದ ಡಬ್ಬಿಗಳಿಗೆ ಹಂಚಿದ. ಭಾನುವಾರ ಟಿಯೊ ತಂದ ಬೇಗಲ್ ತಿಂದು, ಆಫೀಸಿಗೆ ಹೋಗಿ, ಹದಿಮೂರನ್ನೂ ತಿದ್ದಿದ. ಎಚ್ಚರದ ಅನಲಿಸ್ಟ್ ತಾನೇ ಹುಡುಕಿಕೊಳ್ಳಬಹುದಾದ ತಪ್ಪುಗಳು, ಯಾರು ಕೇಳುತ್ತಾರೆ?

ಯಾರೂ ಕೇಳಲಿಲ್ಲ. ಸೋಮವಾರ ಪೊಲೀಸರು ಬಂದು, ಟಿಯೊನನ್ನೂ ವಿಚಾರಿಸಿ, ಕಳ್ಳರ ಕೆಲಸವೆಂದು ತಲೆಯಾಡಿಸಿ ಹೋದರು. ವೆಂಡೆಲ್ ಎಲ್ಲರಿಗಿಂತ ಚೆನ್ನಾಗಿ ಅತ್ತ.

ಮಂಗಳವಾರ ಸಭೆಗೆ ಮುನ್ನ ಲಿವಿಯಾ ಅವನನ್ನು ಪಕ್ಕಕ್ಕೆ ಕರೆದಳು. ಕಣ್ಣು ಊದಿಕೊಂಡಿತ್ತು. "ಇಂಥಾ ದುಃಖದಲ್ಲೂ ಪುಸ್ತಕದಲ್ಲಿ ಒಂದು ತಪ್ಪಿಲ್ಲ ಕಣೋ. ಒಂದನೇ ತಾರೀಖಿನಿಂದ ನೀನು ಅಸೋಸಿಯೇಟ್. ಇದು ಗ್ರಾಂಟ್‌ದು, ಇಲ್ಲಿ ಆಫೀಸಿನ ಡ್ರಾಯರಲ್ಲಿತ್ತು. ನೀನಿಟ್ಕೋ." ಕೆಂಪು ಪೆನ್ನನ್ನು ಅವನ ಕೈಗಿಟ್ಟಳು. ವೆಂಡೆಲ್ ಅದನ್ನು ಕೋಟಿನ ಜೇಬಿಗೆ ಸಿಕ್ಕಿಸಿಕೊಂಡ.

ಸಭೆಗೆ ಬಂದಿದ್ದವಳು ಎಡ್ನಾ ಲುಂಡ್, ವಿಸ್ಕಾನ್ಸಿನ್ನಿನ ಕಾಗದದ ಕಾರ್ಖಾನೆಗಳ ಒಡತಿ, ಎಪ್ಪತ್ತು ದಾಟಿದ ಮುದುಕಿ. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಪುಟ ತಿರುವಿದಳು. ಮೂವತ್ತೊಂದಕ್ಕೆ ಬಂದು ನಿಂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಹನ್ನೊಂದು ಅಂತ ಹಾಕಿದ್ದೀರಲ್ಲಪ್ಪಾ. ಒಂದನ್ನ ಮುಚ್ತೀನಿ ಅಂತ ನಾನು ನನ್ನ ಮಗನಿಗೂ ಹೇಳಿಲ್ಲ. ಶನಿವಾರ ಮಧ್ಯಾಹ್ನ ಫೋನಲ್ಲಿ ಗ್ರಾಂಟ್‌ಗೆ ಮಾತ್ರ ಹೇಳ್ದೆ. ಬರ್ಕೊಂಡೆ ಅಂದ, ಅಷ್ಟರಲ್ಲಿ ಅವನ ಮನೆ ಗಂಟೆ ಹೊಡೀತು, ಯಾರೋ ಬಂದ್ರು ಅಂತ ಇಟ್ಟ. ಅದೇ ಅವನ ಕೊನೇ ಫೋನಂತೆ, ಪೊಲೀಸ್ನೋರು ಹೇಳಿದ್ರು." ಲಿವಿಯಾ ನಿಧಾನವಾಗಿ ವೆಂಡೆಲ್‌ನ ಕಡೆ ತಿರುಗಿದಳು. ಮುದುಕಿಯೂ ಅವನನ್ನೇ ನೋಡುತ್ತಿದ್ದಳು, ಪಾಪ, ಬರೀ ಅಕ್ಕರೆಯಿಂದ. "ನಿನಗೆ ಯಾವಾಗಪ್ಪಾ ಹೇಳ್ದ ಅವನು?"